ನೂರು ಮದುವೆಯ ಬೀಗದಕೈ

ಮೊನ್ನೆ ತೀರ್ಥಹಳ್ಳಿ ಹತ್ತಿರದ ಒಂದು ಸಮುದಾಯ ಭವನದಲ್ಲಿ ನಮ್ಮ ನೂರನೇ ಮದುವೆ ಮುಗಿಯಿತು. ನಮ್ಮದು ಅಂದರೆ ನಾವು ಉಗ್ರಾಣ ನೋಡಿಕೊಂಡ ಮದುವೆ. ರಾತ್ರಿ ಮನೆಗೆ ಬಂದು ಬಿಸಿನೀರಿನಲ್ಲಿ ಕಾಲು ಇಟ್ಟುಕೊಂಡು ಕೂತೆ. ಒಬ್ಬೊಬ್ಬರ ಮುಖ ಕಣ್ಣ ಮುಂದೆ ಬಂತು. ಇವರಿಗೆಲ್ಲ ಒಂದು ಮಾತು ಹೇಳದೆ ಹೇಗೆ ಮಲಗೋದು ಅನ್ನಿಸಿತು. ಬರಹ ಉದ್ದ ಆದರೆ ಬೈಕೋಬೇಡಿ.

ಗೊತ್ತಿಲ್ಲದವರಿಗೆ ಮೊದಲು ಕೆಲಸ ಏನು ಅಂತ ಹೇಳುತ್ತೇನೆ. ಮದುವೆಯ ಹಿಂದಿನ ದಿನ ಮಧ್ಯಾಹ್ನ ನಾವು ಇಬ್ಬರು ಹೆಂಗಸರು ಬರುತ್ತೇವೆ. ಮದುಮಗಳ ಅಮ್ಮನ ಸೊಂಟದಲ್ಲಿರುವ ಬೀಗದಕೈ ಗೊಂಚಲು ಇಸ್ಕೊಳ್ಳುತ್ತೇವೆ. ಅಡುಗೆ ನಮ್ಮದಲ್ಲ, ಹೂವಿನ ಅಲಂಕಾರ ನಮ್ಮದಲ್ಲ, ಫೋಟೋ ನಮ್ಮದಲ್ಲ. ಆದರೆ ಅಡುಗೆಯವರಿಗೆ ತುಪ್ಪ ಬೇಕಾದರೆ, ಭಟ್ಟರಿಗೆ ಅರಳು ಬೇಕಾದರೆ, ಬೀಗರ ಕಡೆಯವರಿಗೆ ಇನ್ನೆರಡು ಚಾಪೆ ಬೇಕಾದರೆ, ಯಾರದೋ ಮಗು ವಾಂತಿ ಮಾಡಿಕೊಂಡರೆ ನಮ್ಮ ಹತ್ತಿರ ಬರಬೇಕು. ಮದುಮಗಳ ಅಮ್ಮನನ್ನು ಯಾರೂ ಎಬ್ಬಿಸಕೂಡದು. ನಾವು ದುಡ್ಡು ತಗೊಳ್ಳೋದು ಇದಕ್ಕೇ.

ಇದರ ಮೂಲ ನನ್ನ ಮದುವೆಯ ವಿಡಿಯೋ. 2008ರಲ್ಲಿ ಶಿವಮೊಗ್ಗದ ಒಂದು ಛತ್ರದಲ್ಲಿ ನನ್ನ ಮದುವೆ. ಧಾರೆ ಎರೆಯುವಾಗ ಅಮ್ಮ ಅಪ್ಪನ ಪಕ್ಕ ಇದ್ದಾಳೆ, ಕೈಯಲ್ಲಿ ತಂಬಿಗೆ ಇದೆ. ಆಮೇಲೆ ಅಡುಗೆ ಮನೆಯ ಹುಡುಗನೊಬ್ಬ ಬಂದು ಕಿವಿಯಲ್ಲಿ ಏನೋ ಹೇಳುತ್ತಾನೆ. ಅಮ್ಮ ಏಳುತ್ತಾಳೆ. ಗಟ್ಟಿಮೇಳ ಶುರುವಾಗುವ ಹೊತ್ತಿಗೆ ಹಿಂದಿನ ಬಾಗಿಲಲ್ಲಿ ಹಸಿರು ಸೀರೆಯ ಸೆರಗೊಂದು ಹೊರಗೆ ಹೋಗೋದು ಕಾಣುತ್ತದೆ. ಅದು ಅಮ್ಮ. ಸಕ್ಕರೆ ತೆಗೆದುಕೊಡಲು ಹೋಗಿದ್ದಳು. ವಾಪಸ್ ಬರುವಾಗ ತಾಳಿ ಕಟ್ಟಿ ಆಗಿತ್ತು. ಒಬ್ಬಳೇ ಮಗಳು ನಾನು. ಹತ್ತು ವರ್ಷ ಆ ವಿಡಿಯೋ ನೋಡಿದ್ದೇನೆ, ಆ ಸೆರಗು ಕಣ್ಣಿಗೆ ಬಿದ್ದಿರಲಿಲ್ಲ. ಒಂದು ದಿನ ನನ್ನ ಮಗಳು ಕೇಳಿದಳು, "ಅಜ್ಜಿ ಎಲ್ಲಿ ಹೋಗ್ತಿದಾಳೆ?"

2019ರಲ್ಲಿ ಹೊಸನಗರದ ನಮ್ಮ ಚಿಕ್ಕಮ್ಮನ ಮಗಳ ಮದುವೆಯಲ್ಲಿ ಚಿಕ್ಕಮ್ಮನ ಸೊಂಟದಿಂದ ಬೀಗದಕೈ ಕಿತ್ತುಕೊಂಡೆ. ಕಿತ್ತುಕೊಂಡೆ ಅನ್ನೋದೇ ಸರಿ, ಅವಳು ಕೊಡಲಿಲ್ಲ. ಅದನ್ನು ನೋಡಿದ ಅವಳ ಓರಗಿತ್ತಿ ಮುಂದಿನ ತಿಂಗಳು ತಮ್ಮ ಮನೆಗೆ ಕರೆದರು. ಹೋಗುವಾಗ ಕವರಿನಲ್ಲಿ 3,000 ರೂಪಾಯಿ ಇಟ್ಟು ಕೊಟ್ಟರು. ನಾನು ಬೇಡ ಅಂದೆ. "ಬೇಡ ಅಂದ್ರೆ ನಾಳೆ ಇನ್ನೊಬ್ಬರು ನಿನ್ನ ಕರೆಯೋಕೆ ಸಂಕೋಚ ಪಡ್ತಾರೆ, ಇಟ್ಕೋ" ಅಂದರು. ಅತ್ತೆ, ನಿಮಗೆ ಮೊದಲ ನಮಸ್ಕಾರ. ಇದೊಂದು ಕಸುಬಾಗಬಹುದು ಅಂತ ನನಗಿಂತ ಮೊದಲು ಗೊತ್ತಾಗಿದ್ದು ನಿಮಗೆ.

ಇಲ್ಲಿ ಒಂದು ಮಾತು. ಇದೇನೂ ನಾನು ಕಂಡುಹಿಡಿದ ಹೊಸ ವಿದ್ಯೆ ಅಲ್ಲ. ನಮ್ಮ ಮಲೆನಾಡಿನಲ್ಲಿ ಮುಯ್ಯಾಳು ಅಂತ ಇತ್ತಲ್ಲ, ನಿಮ್ಮನೆ ಗದ್ದೆ ನೆಟ್ಟಿಗೆ ನಾವು, ನಮ್ಮನೆ ನೆಟ್ಟಿಗೆ ನೀವು. ಮದುವೆಗೂ ಹಾಗೇ ಇತ್ತು. ಅಡಿಕೆ ಕಂಬ ನೆಟ್ಟು, ಸೋಗೆ ಹೊದಿಸಿ ಚಪ್ಪರ ಹಾಕುವವರು ಊರಿನವರು. ಹಿಂದಿನ ರಾತ್ರಿ ತರಕಾರಿ ಹೆಚ್ಚುವವರು ಅಕ್ಕಪಕ್ಕದವರು. ಉಗ್ರಾಣಕ್ಕೆ ಗಟ್ಟಿಗಿತ್ತಿ ದೊಡ್ಡಮ್ಮ ಒಬ್ಬರು ಕೂತರೆ ಮುಗೀತು, ಅವರ ಕಣ್ಣು ತಪ್ಪಿಸಿ ಒಂದು ಕೊಬ್ಬರಿ ಬಟ್ಟಲು ಆಚೆ ಹೋಗುತ್ತಿರಲಿಲ್ಲ. ಈಗ ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಮುಹೂರ್ತದ ದಿನ ಬೆಳಿಗ್ಗೆ ಬಂದು ಸಂಜೆ ಹೊರಡುತ್ತಾರೆ. ಊರಲ್ಲಿ ಉಳಿದ ದೊಡ್ಡಮ್ಮಂದಿರಿಗೆ ಮಂಡಿ ನೋವು.

ನನ್ನ ಅಣ್ಣನ ಮಗ ಒಂದು ದಿನ ಮೊಬೈಲ್ ಹಿಡಿದು ಬಂದ. ಅಮೆರಿಕದಲ್ಲಿ ಜೆನ್ ಗ್ಲಾಂಟ್ಜ್ ಅನ್ನುವಾಕೆ 2014ರಲ್ಲಿ, ಗುರುತಿಲ್ಲದ ಮದುಮಗಳಿಗೂ ಗೆಳತಿಯಾಗಿ ಪಕ್ಕದಲ್ಲಿ ನಿಲ್ಲುತ್ತೇನೆ ಅಂತ ಜಾಹೀರಾತು ಹಾಕಿದಳಂತೆ, ಅದೇ ಅವಳ ಬಿಸಿನೆಸ್ ಆಯಿತಂತೆ. "ಅತ್ತೆ, ನೀವೂ ಅದನ್ನೇ ಮಾಡಿ" ಅಂದ. ನಗು ಬಂತು. ನಮ್ಮಲ್ಲಿ ಮದುಮಗಳ ಪಕ್ಕ ಕಳಶ ಹಿಡಿದು ನಿಲ್ಲುವ ಕಳಶಗಿತ್ತಿ ಆಗೋಕೆ ಮೂರು ಮನೆ ಹುಡುಗಿಯರು ಜಗಳಕ್ಕೆ ನಿಲ್ಲುತ್ತಾರೆ. ಉಗ್ರಾಣದಲ್ಲಿ ಕೂರೋಕೆ ಯಾರೂ ಜಗಳ ಆಡುವುದಿಲ್ಲ. ಜಗಳ ಇಲ್ಲದ ಜಾಗ ನೋಡಿಯೇ ನಾವು ಅಂಗಡಿ ಇಟ್ಟಿದ್ದು. ಆದರೂ ಅವನಿಗೆ ಥ್ಯಾಂಕ್ಸ್. ಜಗತ್ತಿನಲ್ಲಿ ಇಂಥ ಹುಚ್ಚು ನನ್ನೊಬ್ಬಳಿಗೇ ಅಲ್ಲ ಅಂತ ಧೈರ್ಯ ಬಂದಿದ್ದು ಅವತ್ತೇ.

ಧೈರ್ಯ ಬೇಕಿತ್ತು. "ಬಾಡಿಗೆ ನೆಂಟರು" ಅಂತ ಹೆಸರಿಟ್ಟರು. ಒಂದು ಬ್ಯಾಂಕಿನಲ್ಲಿ ಸಾಲ ಕೇಳೋಕೆ ಹೋದರೆ ಅಲ್ಲಿದ್ದವರು ನನ್ನ ಅರ್ಜಿ ಓದಿ, "ಅಂದ್ರೆ ನೀವು ಕೀ ಇಟ್ಕೊಂಡು ಕೂರ್ತೀರಾ, ಅಷ್ಟೇನಾ?" ಅಂದರು. ಹೌದು ಅಂದೆ. ಅವರು ಅರ್ಜಿ ವಾಪಸ್ ಕೊಟ್ಟರು. ಸಾಲ ಕೊಟ್ಟಿದ್ದು ನಮ್ಮ ಬೀದಿಯ ಸ್ವಸಹಾಯ ಸಂಘ, 20,000 ರೂಪಾಯಿ. ಮರು ವರ್ಷ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಒಪ್ಪಿಕೊಂಡಿದ್ದ ಏಳು ಮದುವೆ ನಿಂತವು. ಮುಂಗಡ ಎಲ್ಲ ವಾಪಸ್ ಕೊಟ್ಟೆ. ನಾಲ್ಕು ತಿಂಗಳು ನನ್ನ ಕಂತನ್ನು ಸಂಘದ ಹೆಂಗಸರೇ ತಲಾ ಇಷ್ಟು ಅಂತ ಹಾಕಿ ತುಂಬಿದರು. ಅವರಲ್ಲಿ ಇಬ್ಬರು ಹೂ ಕಟ್ಟಿ ಮಾರುವವರು, ಆಗ ಅವರಿಗೂ ವ್ಯಾಪಾರ ಇರಲಿಲ್ಲ. ದುಡ್ಡು ಆಮೇಲೆ ತೀರಿಸಿದೆ. ಋಣ ಹಾಗೇ ಇದೆ, ಅದು ಇರಲಿ.

ಆಮೇಲೆ ಮದುವೆಗೆ 50 ಜನ ಮಾತ್ರ ಅಂತ ನಿಯಮ ಬಂತು. ಮದುವೆಗಳು ಛತ್ರ ಬಿಟ್ಟು ಮತ್ತೆ ಮನೆ ಅಂಗಳಕ್ಕೆ ಬಂದವು. ನಮ್ಮ ಕಥೆ ಮುಗೀತು ಅಂದುಕೊಂಡಿದ್ದೆ, ಆಗಿದ್ದು ಉಲ್ಟಾ. ಮನೆಯಲ್ಲಿ ಮದುವೆ ಅಂದರೆ ಬೀಗಗಳು ಇನ್ನೂ ಜಾಸ್ತಿ! ಬೀರು, ಅಟ್ಟ, ಅಡಿಕೆ ಚೀಲದ ಕೋಣೆ, ದೇವರ ಪೆಟ್ಟಿಗೆ. ಭಟ್ಟರನ್ನು 50ರ ಲೆಕ್ಕಕ್ಕೆ ಸೇರಿಸಬೇಕಾ ಬೇಡವಾ ಅಂತ ಒಂದು ಮನೆಯಲ್ಲಿ ಅರ್ಧ ಗಂಟೆ ವಾದ ನಡೆದಿದೆ. ಆಗಲೇ ನಾನು ಬೀಗದಕೈಗಳಿಗೆ ಬಣ್ಣದ ಉಲನ್ ದಾರ ಕಟ್ಟೋದು ಶುರು ಮಾಡಿದ್ದು. ಕೆಂಪು ಅಂದರೆ ಬೆಳ್ಳಿ ಸಾಮಾನು, ಹಳದಿ ದಿನಸಿ, ನೀಲಿ ಬಟ್ಟೆಬರೆ, ಹಸಿರು ತಾಂಬೂಲದ ಚೀಲ. ಕರೆಂಟು ಹೋದಾಗ ಬಣ್ಣ ಕಾಣಲ್ಲ ಅಂತ ಆಮೇಲೆ ತಿಳಿಯಿತು. ಮೇ ತಿಂಗಳ ಗುಡುಗು ಮಳೆಗೆ ನಮ್ಮ ಕಡೆ ಕರೆಂಟು ಹೋಗದ ಮದುವೆ ಯಾವುದು ಹೇಳಿ. ಈಗ ಕೆಂಪು ದಾರಕ್ಕೆ ಒಂದು ಗಂಟು, ಹಳದಿಗೆ ಎರಡು, ಹೀಗೆ. ಕತ್ತಲಲ್ಲಿ ಬೆರಳಿಗೇ ಗೊತ್ತಾಗುತ್ತದೆ.

ಶರಾವತಿ ಹಿನ್ನೀರು ದಾಟಿಸುತ್ತಿದ್ದ ಅಂಬಾರಗೋಡ್ಲು-ಕಳಸವಳ್ಳಿ ಲಾಂಚಿನ ಸಿಬ್ಬಂದಿಗೆ ಒಂದು ದೊಡ್ಡ ನಮಸ್ಕಾರ. 2022ರಲ್ಲಿ ತುಮರಿ ಕಡೆ ಒಂದು ಮದುವೆ. ಆಗಿನ್ನೂ ಸೇತುವೆ ಆಗಿರಲಿಲ್ಲ, ಅದು ಉದ್ಘಾಟನೆ ಆಗಿದ್ದು 2025ರ ಜುಲೈಯಲ್ಲಿ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ತುಂಬಿದ ಮೇಲೆ ಆ ಕಡೆಯವರಿಗೆ ಆರು ದಶಕ ಸಾಗರ ಪೇಟೆಗೆ ಹತ್ತಿರದ ದಾರಿ ಅಂದರೆ ನೀರಿನ ಮೇಲಿನದೇ. ಮೊಗ್ಗಿನ ಜಡೆ, ಹಾರ, ದಂಡೆ ಎಲ್ಲ ಶಿವಮೊಗ್ಗದಿಂದ ಬುಟ್ಟಿಯಲ್ಲಿ ಬರಬೇಕಿತ್ತು. ತಂದ ಹುಡುಗ ಅಂಬಾರಗೋಡ್ಲು ದಡ ಮುಟ್ಟುವಾಗ ಕೊನೆಯ ಲಾಂಚ್ ಹೋಗಿತ್ತು. ನಾನು ಈಚೆ ಕಳಸವಳ್ಳಿ ದಡದಲ್ಲಿ, ಬುಟ್ಟಿ ಆ ದಡದಲ್ಲಿ. ನಡುವೆ ಕತ್ತಲೆ, ನೀರು. ಫೋನು ಒಂದು ಸಲ ಸಿಕ್ಕಿತು, ಆಮೇಲೆ ಅದೂ ಇಲ್ಲ. ರಾತ್ರಿ ಇಡೀ ನನಗೆ ನಿದ್ದೆ ಇಲ್ಲ, ಮದುಮಗಳಿಗೆ ವಿಷಯ ಹೇಳಲೂ ಇಲ್ಲ. ಬೆಳಿಗ್ಗೆ ಮೊದಲ ಲಾಂಚಿನಲ್ಲಿ ಬುಟ್ಟಿ ಬಂತು. ಲಾಂಚಿನವರೊಬ್ಬರು ಅದನ್ನು ತಲೆ ಮೇಲೆ ಹೊತ್ತು ಇಳಿದರು. ಆ ಹುಡುಗ ಗಾಬರಿಯಲ್ಲಿ ದಡದಲ್ಲಿ ಕೂತಿದ್ದನಂತೆ. ಇವರೇ ಬಾಳೆಲೆ ತಂದು ಹೂವಿಗೆ ಸುತ್ತಿ, ಒದ್ದೆ ಗೋಣಿ ಹೊದಿಸಿ, ರಾತ್ರಿ ಎರಡು ಸಲ ಎದ್ದು ನೀರು ಚಿಮುಕಿಸಿದ್ದಾರೆ. ಊಟಕ್ಕೆ ಬನ್ನಿ ಅಂದೆ. "ಎರಡನೇ ಟ್ರಿಪ್ ಇದೆ ಅಕ್ಕ" ಅಂತ ಹೋದರು. ಆ ಜಡೆಯಲ್ಲಿ ಒಂದು ಮೊಗ್ಗೂ ಕಂದಿರಲಿಲ್ಲ.

ಈಗ ನಮ್ಮ ತಪ್ಪೂ ಹೇಳಬೇಕು. ಭದ್ರಾವತಿಯ ಒಂದು ಮದುವೆಯಲ್ಲಿ ನನ್ನ ಜೊತೆಗಾತಿ ವಯಸ್ಸಾದ ನೆಂಟರೊಬ್ಬರನ್ನು ಬಸ್ ಹತ್ತಿಸಲು ಹೋದಳು. ಗೊಂಚಲು ಅವಳ ಸೊಂಟದಲ್ಲೇ ಹೋಯಿತು. ಮುಹೂರ್ತಕ್ಕೆ ಹತ್ತು ನಿಮಿಷ ಇದೆ, ಮಾಂಗಲ್ಯ ಬೀಗ ಹಾಕಿದ ಸೂಟ್‌ಕೇಸಿನಲ್ಲಿದೆ. ನನ್ನ ಕೈಕಾಲು ತಣ್ಣಗಾದವು. ಮದುಮಗಳ ಸೋದರಮಾವ ಒಂದು ಮಾತೂ ಆಡದೆ ತೆಂಗಿನಕಾಯಿ ಒಡೆಯುವ ಕತ್ತಿ ತಂದು ಬೀಗ ಮೀಟಿದರು. ಸಂಜೆ ನಾನು ದುಡ್ಡು ಬೇಡ ಅಂದೆ. ಮದುಮಗಳ ಅಪ್ಪ ಪೂರ್ತಿ ಕೊಟ್ಟರು. "ಸೂಟ್‌ಕೇಸ್ ಹಳೇದು, ನೀವು ಹೊಸಬರು" ಅಂದರು, ಅಷ್ಟೇ. ಅವತ್ತಿಂದ ಮಾಂಗಲ್ಯ ನಮ್ಮ ಬೀಗದೊಳಗೆ ಇಡುವುದಿಲ್ಲ. ಅದು ಮನೆಯ ಹಿರಿಯರೊಬ್ಬರ ಮಡಿಲಲ್ಲೇ ಇರಬೇಕು. ಗೊಂಚಲು ಛತ್ರದ ಹೊಸಿಲು ದಾಟಕೂಡದು.

ಕುಪ್ಪಳಿಯಲ್ಲಿ ಒಂದು ಮಂತ್ರಮಾಂಗಲ್ಯಕ್ಕೂ ಕರೆದಿದ್ದರು. ಯಾಕೆ ಕರೆದರೋ! ಕುವೆಂಪು 1966ರಲ್ಲಿ ಮಗ ತೇಜಸ್ವಿ ಅವರ ಮದುವೆಯನ್ನು ಹಾಗೆ ಸರಳವಾಗಿ ಮಾಡಿಸಿದ್ದೇ ಇಂಥ ಹೊರೆ ಎಲ್ಲ ಇರಬಾರದು ಅಂತ ಅಲ್ವಾ. ಉಗ್ರಾಣ ಇಲ್ಲ, ಬೀಗ ಇಲ್ಲ. ಇಬ್ಬರೂ ಸುಮ್ನೆ ಕೂತು ಮದುವೆ ನೋಡಿದೆವು. ಎಲ್ಲರೂ ಹೀಗೇ ಮದುವೆ ಆದರೆ ನನ್ನ ಕಸುಬು ನಿಂತುಹೋಗುತ್ತದೆ, ನಿಂತರೆ ನನಗೇನೂ ಬೇಸರ ಇಲ್ಲ. ಅರ್ಧ ದುಡ್ಡು ತಗೊಂಡು ಬಂದೆವು.

ಎಲ್ಲಕ್ಕಿಂತ ಜಾಸ್ತಿ ಋಣ ಇರುವುದು ಸಾಗರ ತಾಲ್ಲೂಕಿನ ಒಬ್ಬ ಪುರೋಹಿತರಿಗೆ. ಹೆಸರು ಬರೆಯಬೇಡಿ ಅಂದಿದ್ದಾರೆ. ಆ ಮದುವೆಯಲ್ಲಿ ಹುಡುಗಿಗೆ ಅಪ್ಪ ಇರಲಿಲ್ಲ, ದೊಡ್ಡಪ್ಪ ದೊಡ್ಡಮ್ಮ ಧಾರೆಗೆ ಕೂತಿದ್ದರು. ಹುಡುಗಿಯ ಅಮ್ಮನ ಹತ್ತಿರ ಬೀಗದಕೈ ಕೇಳಿದೆ. ಕೊಟ್ಟರು, ಆದರೆ ಉಗ್ರಾಣ ಬಿಟ್ಟು ಏಳಲಿಲ್ಲ. ಅಕ್ಕಿ ಮೂಟೆಗೆ ಒರಗಿ ಕೂತು, ಎಣಿಸಿಟ್ಟಿದ್ದ ವೀಳ್ಯದೆಲೆಯನ್ನೇ ಮತ್ತೆ ಮತ್ತೆ ಎಣಿಸುತ್ತಿದ್ದರು. "ಹೋಗಿ ಅಮ್ಮ, ನಾವಿದ್ದೇವೆ" ಅಂದೆ. "ನಂಗೆ ಅಲ್ಲೇನು ಕೆಲಸ" ಅಂದರು. ಅಲ್ಲಿಯವರೆಗೆ ನಾನು ತಿಳಿದಿದ್ದು, ಬೀಗದಕೈ ಇಸ್ಕೊಂಡರೆ ಸಾಕು ಅಂತ. ಕೆಲವರಿಗೆ ಆ ಗೊಂಚಲು ಒಂದು ನೆಪ, ಉಗ್ರಾಣದಲ್ಲಿ ಕೂರಲು ಒಂದು ಕಾರಣ. ಅದನ್ನೂ ನಾನು ತಗೊಂಡುಬಿಟ್ಟಿದ್ದೆ.

ಏನು ಮಾಡೋದು ತೋಚದೆ ಹೋಗಿ ಭಟ್ಟರಿಗೆ ಹೇಳಿದೆ. ಅವರು ಮಂತ್ರ ನಿಲ್ಲಿಸಿದರು. ಮೈಕ್ ಇತ್ತು, ಅದನ್ನು ಪಕ್ಕಕ್ಕೆ ಸರಿಸಿ ತಾವೇ ಎದ್ದು ಉಗ್ರಾಣದ ಬಾಗಿಲಿಗೆ ಬಂದರು. "ತಾಯೀ, ಅಕ್ಷತೆ ಹಾಕೋಕೆ ನೀವು ಬರದೆ ನಾನು ಮುಂದೆ ಹೋಗಲ್ಲ. ಮುಹೂರ್ತ ಮೀರಿದರೆ ನಿಮ್ಮ ಮೇಲೆ" ಅಂದರು. ಗದರಿದ ಹಾಗೇ ಇತ್ತು. ಆ ಅಮ್ಮ ಎದ್ದರು. ಸೀರೆಗೆ ಅಂಟಿದ ಅಕ್ಕಿ ಕೊಡವಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ನಿಂತರು. ಗುಸುಗುಸು ಆಯಿತು, ಆಗಲಿ. ಭಟ್ಟರೇ, ಆಮೇಲೆ ನಿಮಗೆ ಎರಡು ಮನೆಯ ಕೆಲಸ ತಪ್ಪಿತು ಅಂತ ನನಗೆ ಬೇರೆಯವರಿಂದ ಗೊತ್ತಾಯಿತು. ನೀವು ಹೇಳಲೇ ಇಲ್ಲ.

ಇನ್ನು ಉಳಿದವರು. ಸಣ್ಣ ಕಸುಬುಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿಗೆ ಒಂದು ಪೈಸೆಯೂ ಕೊಡಬೇಕಿಲ್ಲ ಅಂತ ಹೇಳಿ ತಾನೇ ಕೂತು ಮಾಡಿಕೊಟ್ಟ ಪಕ್ಕದ ಮನೆ ಹುಡುಗಿ. "ಉಗ್ರಾಣದ ಅಕ್ಕಂದಿರಿಗೆ ಮೊದಲು ಎಲೆ ಹಾಕಿ" ಅಂತ ಕೂಗುವ ಅಡುಗೆ ಭಟ್ಟರು, ನೀವಿಲ್ಲದಿದ್ದರೆ ನೂರು ಮದುವೆಯಲ್ಲೂ ನಮಗೆ ಸಿಗುತ್ತಿದ್ದದ್ದು ತಳದ ಸಾರು. ನನ್ನ ಜೊತೆಯ ನಾಲ್ವರು ಹೆಂಗಸರು, ನಿಮಗೆ ಇಲ್ಲಿ ಬರೆಯೋದಿಲ್ಲ, ಎದುರಿಗೇ ಹೇಳುತ್ತೇನೆ. ನಮ್ಮನೆಯವರು, ವೈಶಾಖದಲ್ಲಿ ತಿಂಗಳುಗಟ್ಟಲೆ ತಾವೇ ಅನ್ನ ಸಾರು ಮಾಡಿಕೊಂಡಿದ್ದಾರೆ. ಸಾರಿಗೆ ಹುಳಿ ಜಾಸ್ತಿ, ಅದು ಬೇರೆ ಮಾತು.

ಮೊನ್ನೆಯ ನೂರನೇ ಮದುವೆಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಆ ಮನೆಯವರೇ ಕರೆದಿದ್ದರು. ಈಗ ಅವಳಿಗೆ ಎಪ್ಪತ್ತನಾಲ್ಕು. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದೆ. ವಿಡಿಯೋದಲ್ಲಿದ್ದ ಅದೇ ಹಸಿರು ಸೀರೆ ಉಟ್ಟು ಬಂದಿದ್ದಳು. ಬೇಕಂತಲೇ ಉಟ್ಟಳೋ ಏನೋ, ನಾನು ಕೇಳಲಿಲ್ಲ. ನಾನು ಕಂಬದ ಹತ್ತಿರ ನಿಂತು ಅವಳನ್ನೇ ನೋಡುತ್ತಿದ್ದೆ. ಅಂತರಪಟ ಸರಿಯಿತು. ಜೀರಿಗೆ ಬೆಲ್ಲ ಬಿತ್ತು. ಅಷ್ಟರಲ್ಲಿ ಅಡುಗೆ ಮನೆಯಿಂದ ಒಬ್ಬ ಹೊಸ ಹುಡುಗ ಬಂದ. ಮುಂದಿನ ಸಾಲಿನಲ್ಲಿ ಕೂತ ಹಿರಿಯ ಹೆಂಗಸು, ಇವರೇ ಯಜಮಾನ್ತಿ ಅಂದುಕೊಂಡನೇನೋ, ಸೀದಾ ಹೋಗಿ ಅಮ್ಮನ ಕಿವಿಯಲ್ಲಿ ಬಗ್ಗಿದ.

"ಅಮ್ಮಾ, ಸಕ್ಕರೆ ಬೇಕಿತ್ತು."

ಅಮ್ಮ ಕುರ್ಚಿಯಿಂದ ಅಲ್ಲಾಡಲಿಲ್ಲ. ಮಂಟಪದಿಂದ ಕಣ್ಣು ಕೂಡ ತೆಗೆಯದೆ ಕೈ ಎತ್ತಿ ನನ್ನ ಕಡೆ ತೋರಿಸಿದಳು.

ನಾನು ಹೋಗಿ ಹಳದಿ ದಾರದ ಬೀಗ ತೆಗೆದು ಐದು ಕೆಜಿ ಸಕ್ಕರೆ ಕೊಟ್ಟು ಬಂದೆ. ಬರುವಾಗ ತಾಳಿ ಕಟ್ಟಿ ಆಗಿತ್ತು.