ಪ್ರಿಂಟ್ ಅಂದರೆ ಯಾವ ಪ್ರಿಂಟ್?

ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕಲಾ ಸಂತೆಗಳ ಬಗ್ಗೆ ಬಂದ ಬರಹ ಓದಿ ಖುಷಿಯಾಯಿತು. ಇಂಥ ಸಂತೆಗಳಲ್ಲಿ ಮೇಜು ಹಾಕಿಕೊಂಡು ಕೂರುವವರಲ್ಲಿ ನಾನೂ ಒಬ್ಬಳು. ಆದರೆ ಫೋಟೋದ ಕೆಳಗೆ ‘ಇಲ್ಲಿರುವುದೆಲ್ಲವೂ ಕಲಾವಿದರ ಕೈಯಿಂದಲೇ ಮೂಡಿದ್ದು’ ಎಂದು ಬರೆದಿದ್ದಿರಿ. ಆ ‘ಎಲ್ಲವೂ’ ಎಂಬ ಮಾತಿಗಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಲಿನೋ ಅಚ್ಚು ಮಾಡುತ್ತೇನೆ, ಅಂದರೆ ಲಿನೋಲಿಯಂ ಹಲಗೆಯಲ್ಲಿ ಚಿತ್ರ ಕೆತ್ತಿ, ಶಾಯಿ ಹಚ್ಚಿ ಕಾಗದಕ್ಕೆ ಒತ್ತುತ್ತೇನೆ. ಲಿನೋಲಿಯಂ ಹುಟ್ಟಿದ್ದು ನೆಲಕ್ಕೆ ಹಾಸಲು. ಫ್ರೆಡರಿಕ್ ವಾಲ್ಟನ್ ಎಂಬ ಇಂಗ್ಲೆಂಡಿನವನು 1863ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಗಟ್ಟಿಯಾದ ಅಗಸೆ ಎಣ್ಣೆ, ಕಾರ್ಕ್ ಪುಡಿ, ರಾಳ, ಹಿಂಬದಿಗೆ ಸೆಣಬಿನ ಬಟ್ಟೆ. ಇದನ್ನು ಕೆತ್ತಿ ಅಚ್ಚು ತೆಗೆಯಬಹುದು ಅಂತ ಕಲಾವಿದರಿಗೆ ಹೊಳೆದದ್ದು ಆಮೇಲೆ. ಚಳಿಗೆ ಅದು ಬಿರುಸಾಗುತ್ತದೆ. ಬಿಸಿಲಿಗಿಟ್ಟು ಮೆತ್ತಗೆ ಮಾಡಿಕೊಂಡು ಕೆತ್ತಲು ಕೂರುತ್ತೇನೆ. ಬಿಳಿ ಉಳಿಯಬೇಕಾದ ಜಾಗವನ್ನು ಉಳಿಯಿಂದ ತೆಗೆಯಬೇಕು, ಮಿಕ್ಕ ಜಾಗಕ್ಕೆ ಶಾಯಿ ಹತ್ತುತ್ತದೆ. ಕಾಗದದ ಮೇಲೆ ಎಡಬಲ ಅದಲುಬದಲಾಗುತ್ತದೆ. ಹಾಗಾಗಿ ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ ಕೆತ್ತಬೇಕು. ಮೊದಲ ವರ್ಷ ಅದನ್ನು ಮರೆತು ನನ್ನ ಹೆಸರನ್ನೇ ಉಲ್ಟಾ ಅಚ್ಚು ಹಾಕಿದ್ದೆ.

ನನ್ನ ಹತ್ತಿರ ಪ್ರೆಸ್ ಇಲ್ಲ. ರೋಲರಿನಿಂದ ಶಾಯಿ ಹಚ್ಚಿ, ಮೇಲೆ ಕಾಗದವಿಟ್ಟು, ಮರದ ಚಮಚದ ಬೆನ್ನಿನಿಂದ ಉಜ್ಜುತ್ತೇನೆ. ಒಂದು ಪ್ರತಿಗೆ ಸುಮಾರು ಕಾಲು ಗಂಟೆ. ಎಣ್ಣೆ ಶಾಯಿ ಒಣಗಲು ದಿನಗಟ್ಟಲೆ ಬೇಕು, ಅಷ್ಟು ದಿನ ಬಟ್ಟೆ ಒಣಹಾಕುವ ಹಗ್ಗ ಮನೆಯವರಿಗೆ ಸಿಗುವುದಿಲ್ಲ. ಬಣ್ಣ ಜಾಸ್ತಿ ಬೇಕೆಂದರೆ ಇನ್ನೊಂದು ಕಷ್ಟ. ಅದೇ ಹಲಗೆಯನ್ನು ಸ್ವಲ್ಪ ಕೆತ್ತಿ ಒಂದು ಬಣ್ಣ, ಇನ್ನಷ್ಟು ಕೆತ್ತಿ ಇನ್ನೊಂದು ಬಣ್ಣ, ಹೀಗೆ ಒಂದರ ಮೇಲೊಂದು ಹಾಕುತ್ತಾ ಹೋಗಬೇಕು. ಪಿಕಾಸೊ 1950ರ ದಶಕದ ಕೊನೆಗೆ ಈ ದಾರಿ ಹಿಡಿದಿದ್ದ. ಇದರಲ್ಲಿ ಹಿಂದಕ್ಕೆ ಹೋಗುವ ಮಾತಿಲ್ಲ. ಕೊನೆಯ ಬಣ್ಣ ಬರುವ ಹೊತ್ತಿಗೆ ಮೊದಲ ಬಣ್ಣದ ಹಲಗೆ ಇರುವುದೇ ಇಲ್ಲ. ಮೂವತ್ತು ಪ್ರತಿ ಸಾಕು ಅಂತ ಶುರು ಮಾಡಿದರೆ ಅಷ್ಟೇ, ಮೂವತ್ತೊಂದನೆಯದನ್ನು ಯಾರು ಕೇಳಿದರೂ ಕೊಡಲು ಬರುವುದಿಲ್ಲ.

ಅದಕ್ಕೇ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ 7/30 ಅಂತ ಬರೆಯುವುದು. ಒಟ್ಟು ಮೂವತ್ತು ಪ್ರತಿ, ಇದು ಏಳನೆಯದು. ಪೆನ್ನಿನ ಶಾಯಿ ಬೆಳಕಿಗೆ ಮಾಸಬಹುದು, ಪೆನ್ಸಿಲಿನ ಗೆರೆ ಮಾಸುವುದಿಲ್ಲ. ಆ ಸಣ್ಣ ಅಂಕಿ ನಾನು ಕೊಳ್ಳುವವರಿಗೆ ಕೊಡುವ ಮಾತು.

ಇನ್ನು ಸಂತೆಗೆ ಬನ್ನಿ. ಬಂದವರು ಚಿತ್ರ ಎತ್ತಿ ನೋಡುತ್ತಾರೆ. ‘ಚೆನ್ನಾಗಿದೆ ಮೇಡಂ. ಪೇಂಟಿಂಗಾ?’ ‘ಅಲ್ಲ, ಪ್ರಿಂಟ್.’ ‘ಓ, ಪ್ರಿಂಟಾ...’ ಅನ್ನುತ್ತಾ ಕೆಳಗಿಡುತ್ತಾರೆ. ಅವರ ದನಿ ಅರ್ಧಕ್ಕಿಳಿದದ್ದು ನನಗೆ ಕೇಳುತ್ತದೆ. ಅವರದೇನೂ ತಪ್ಪಿಲ್ಲ. ಕಂಪ್ಯೂಟರಿನಿಂದ ಬಂದದ್ದೂ ಪ್ರಿಂಟ್, ಚಮಚದಿಂದ ಉಜ್ಜಿದ್ದೂ ಪ್ರಿಂಟ್. ಈಗೀಗ ನಾನು ‘ಕೈ ಅಚ್ಚು’ ಅನ್ನುತ್ತೇನೆ. ಆದರೂ ಚಮಚ ತೋರಿಸುವವರೆಗೂ ಯಾರೂ ನಂಬುವುದಿಲ್ಲ.

ಈಚಿನ ಒಂದು ಸಂತೆಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಫ್ರೇಮ್ ಹಾಕಿದ ಚಿತ್ರಗಳಿದ್ದವು. ‘ಹ್ಯಾಂಡ್‌ಮೇಡ್’ ಅಂತ ದೊಡ್ಡ ಬೋರ್ಡು. ಪ್ರತಿಯೊಂದರ ಕೆಳಗೂ ಪೆನ್ಸಿಲಿನಲ್ಲಿ ಅಂಕಿ. ನನ್ನ ಚೀಲದಲ್ಲಿ ಯಾವಾಗಲೂ ಒಂದು ಭೂತಗನ್ನಡಿ ಇರುತ್ತದೆ. ಕುತೂಹಲಕ್ಕೆ ಇಟ್ಟು ನೋಡಿದೆ. ಎಲ್ಲವೂ ಸಣ್ಣ ಸಣ್ಣ ಬಣ್ಣದ ಚುಕ್ಕೆ! ಇಂಕ್‌ಜೆಟ್ ಯಂತ್ರ ಶಾಯಿಯನ್ನು ಹನಿಹನಿಯಾಗಿ ಸಿಂಪಡಿಸುತ್ತದೆ, ದೊಡ್ಡದು ಮಾಡಿ ನೋಡಿದರೆ ಆ ಹನಿಗಳು ಸಿಕ್ಕಿಬೀಳುತ್ತವೆ. ಪತ್ರಿಕೆ, ಪುಸ್ತಕ ಮುದ್ರಿಸುವ ಆಫ್‌ಸೆಟ್ ಯಂತ್ರವಾದರೆ ನಾಲ್ಕು ಬಣ್ಣದ ಚುಕ್ಕೆಗಳು ಪುಟ್ಟ ಹೂವಿನಂತೆ ಸುತ್ತಿಕೊಂಡಿರುತ್ತವೆ. ನಿಮ್ಮ ಪತ್ರಿಕೆಯ ಫೋಟೋವನ್ನೇ ಹಾಗೆ ನೋಡಿ, ಚುಕ್ಕೆಗಳೇ ಕಾಣುತ್ತವೆ. ಕೈ ಅಚ್ಚಿನಲ್ಲಿ ಹಾಗಿರುವುದಿಲ್ಲ. ಶಾಯಿ ಇಡಿಯಾಗಿ ಕೂತಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಶಾಯಿಯ ದಪ್ಪ ಕಾಣುತ್ತದೆ. ಕಾಗದ ತಿರುಗಿಸಿದರೆ ಎಷ್ಟೋ ಸಲ ಹಿಂದೆ ಉಜ್ಜಿದ ಗುರುತೂ ಇರುತ್ತದೆ. ಭೂತಗನ್ನಡಿಯೇ ಬೇಕೆಂದೇನಿಲ್ಲ, ಮೊಬೈಲ್ ಕ್ಯಾಮೆರಾ ಹತ್ತಿರ ತಂದರೂ ಬಹಳಷ್ಟು ಗೊತ್ತಾಗುತ್ತದೆ.

ಆ ಮೇಜಿನವರು ಕೆಟ್ಟವರಲ್ಲ. ನಾನು ಊಟಕ್ಕೆ ಎದ್ದಾಗ ನನ್ನ ಮೇಜನ್ನೂ ಅವರೇ ನೋಡಿಕೊಂಡರು. ಮಾತಿಗೆಳೆದಾಗ, ಚಿತ್ರಗಳನ್ನು ಬೇರೆಯವರಿಂದ ತಂದು ಮಾರುತ್ತೇವೆ, ಅಂಕಿಯೂ ಅಲ್ಲಿಂದಲೇ ಬರುತ್ತದೆ ಅಂದರು. ಅಂಕಿ ಯಾಕೆ ಅಂತ ಅವರಿಗೂ ಗೊತ್ತಿಲ್ಲ. ‘ಅದಿದ್ದರೆ ಜನ ಬೇಗ ತಗೋತಾರೆ’ ಅಂದರು, ಅಷ್ಟೇ. ಆ ದಿನ ಅವರಿಗೆ ನನಗಿಂತ ಚೆನ್ನಾಗಿ ವ್ಯಾಪಾರವಾಯಿತು. ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದಾಳೆ ಅಂತ ನಿಮಗನ್ನಿಸಿದರೆ, ಸ್ವಲ್ಪ ನಿಜ.

ಸಂತೆ ನಡೆಸುವವರಿಗೆ ಹೇಳಿದೆ. ‘ಅವರೂ ಮೇಜಿನ ಬಾಡಿಗೆ ಕಟ್ಟಿದ್ದಾರಲ್ವಾ ಮೇಡಂ’ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಯಂತ್ರದಲ್ಲಿ ಮುದ್ರಿಸಿದ ಚಿತ್ರ ಮಾರಬಾರದು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಕಾಗದ, ಬಾಳಿಕೆ ಬರುವ ಶಾಯಿ ಇದ್ದರೆ ಅದೂ ಒಳ್ಳೆಯ ವಸ್ತುವೇ. ಮೂಲ ಚಿತ್ರ ಕೊಳ್ಳಲಾಗದವರ ಮನೆಗೂ ಹಾಗಾದರೂ ಕಲೆ ಹೋಗಲಿ. ಆದರೆ ಅದನ್ನು ಅದರ ಹೆಸರಿನಿಂದ ಕರೆಯಲು ಮಾರುವವರಿಗೇ ನಾಚಿಕೆ. ಇಂಕ್‌ಜೆಟ್ ಪ್ರತಿಗೆ ಜೀಕ್ಲೇ ಅಂತ ಒಂದು ಮೆರುಗಿನ ಹೆಸರಿದೆ. ಏನೋ ಹಳೆಯ ಫ್ರೆಂಚ್ ವಿದ್ಯೆ ಇರಬೇಕು ಅನ್ನಿಸುತ್ತದೆ. ಜ್ಯಾಕ್ ಡುಗ್ಯಾನ್ ಎಂಬ ಅಮೆರಿಕದ ಮುದ್ರಕ 1991ರಲ್ಲಿ ಇಟ್ಟ ಹೆಸರು ಅದು. ಚಿಮ್ಮಿಸು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ತೆಗೆದದ್ದು. ಚಿಮ್ಮಿಸಿದ ಚಿತ್ರ ಅಂತ ನೇರವಾಗಿ ಬರೆದರೆ ಯಾರು ಕೊಳ್ಳುತ್ತಾರೆ!

ನಮ್ಮ ಈ ಜಗಳ ಹೊಸದೇನಲ್ಲ. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಬಹಳ ದೊಡ್ಡ ಅಚ್ಚುಗಾರ. ಅವನ ಅಚ್ಚುಗಳನ್ನು ಹೊತ್ತು ಜಾತ್ರೆಯಂಥ ಸಂತೆಗಳಿಗೆ ಹೋಗಿ ಮಾರುತ್ತಿದ್ದವಳು ಹೆಂಡತಿ ಆಗ್ನೆಸ್. 1505ರಲ್ಲಿ ಅವಳು ಫ್ರಾಂಕ್‌ಫರ್ಟ್ ಸಂತೆಯಲ್ಲಿದ್ದಳು. ಮಳೆ ಬಂದರೆ ಕಾಗದ ಎಲ್ಲಿಡುತ್ತಿದ್ದಳೋ ಅಂತ ಆಗಾಗ ಯೋಚಿಸುತ್ತೇನೆ, ನನ್ನ ಮೇಜಿನ ಕೆಳಗೆ ಸದಾ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದೇ ಕಾಲಕ್ಕೆ ಇಟಲಿಯಲ್ಲಿ ಮಾರ್ಕಾಂಟೋನಿಯೊ ರೈಮೊಂಡಿ ಎಂಬವನು ಡ್ಯೂರರ್ ಚಿತ್ರಗಳನ್ನು ಗೆರೆ ಬಿಡದೆ ನಕಲು ಮಾಡಿದ, ಮೂಲೆಯ ಗುರುತಿನ ಅಕ್ಷರಗಳ ಸಮೇತ. ಡ್ಯೂರರ್‌ಗೆ ಎಷ್ಟು ಸಿಟ್ಟಿತ್ತೆಂದರೆ, 1511ರಲ್ಲಿ ತನ್ನ ಚಿತ್ರಗಳನ್ನು ಪುಸ್ತಕವಾಗಿ ತರುವಾಗ ನಕಲು ಮಾಡುವವರನ್ನು ಬೈದು ಎಚ್ಚರಿಕೆಯನ್ನೇ ಅಚ್ಚು ಹಾಕಿಸಿದ.

ನಾನು ಯಾರನ್ನೂ ಬೈಯುವಂತಿಲ್ಲ. ಯಾಕೆಂದರೆ ನನ್ನ ಮೇಜಿನ ಮೂಲೆಯಲ್ಲೂ ಒಂದು ಕಟ್ಟು ಪೋಸ್ಟ್‌ಕಾರ್ಡುಗಳಿವೆ. ನನ್ನ ಲಿನೋ ಚಿತ್ರಗಳನ್ನೇ ಸ್ಕ್ಯಾನ್ ಮಾಡಿಸಿ ಪ್ರೆಸ್ಸಿನಲ್ಲಿ ಹಾಕಿಸಿದ್ದು. ಎಷ್ಟೋ ಸಲ ಮೇಜಿನ ಬಾಡಿಗೆ ಹುಟ್ಟುವುದೇ ಅವುಗಳಿಂದ. ಅವುಗಳ ಮುಂದೆ ಏನೂ ಬರೆದಿಟ್ಟಿರಲಿಲ್ಲ. ಆ ಸಂತೆಯ ದಿನವೇ ಸಂಜೆ ಸ್ಕೂಲಿಗೆ ಹೋಗುವ ಹುಡುಗಿಯೊಬ್ಬಳು ಐದು ಕಾರ್ಡು ಆರಿಸಿಕೊಂಡಳು. ನನ್ನ ಚಮಚವನ್ನು ನೋಡಿ, ‘ಆಂಟಿ, ಇದನ್ನೂ ನೀವೇ ಉಜ್ಜಿದ್ದಾ?’ ಎಂದು ಕೇಳಿದಳು. ಹಿಂದೆ ನಾಲ್ಕು ಜನ ನಿಂತಿದ್ದರು. ಚಿಲ್ಲರೆ ಹುಡುಕುತ್ತಿದ್ದೆ. ನಾನು ಸುಮ್ನೆ ನಕ್ಕೆ. ಅವಳು ಅದನ್ನು ಹೌದು ಅಂದುಕೊಂಡು ಹೋದಳು. ಪಕ್ಕದ ಮೇಜಿನ ಬಗ್ಗೆ ದೂರು ಹೇಳಿ ಬಂದು ಎರಡು ಗಂಟೆಯೂ ಆಗಿರಲಿಲ್ಲ.

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ಪೊಲೀಸರ ಹಾಗೆ ತಪಾಸಣೆ ಬೇಡ. ಸಂತೆಗೆ ಹೆಸರು ಕೊಡುವಾಗ ನಾವೆಲ್ಲ ಒಂದು ಫಾರಂ ತುಂಬುತ್ತೇವೆ. ಅದರಲ್ಲಿ ಮೇಜಿನ ಅಳತೆ ಕೇಳುತ್ತಾರೆ, ಕರೆಂಟ್ ಬೇಕಾ ಅಂತ ಕೇಳುತ್ತಾರೆ. ವಸ್ತು ಹೇಗೆ ಮಾಡಿದ್ದು ಅಂತ ಮಾತ್ರ ಕೇಳುವುದಿಲ್ಲ. ಅದನ್ನೂ ಕೇಳಲಿ. ನಾನೇ ಕೈಯಲ್ಲಿ ಮಾಡಿದ್ದು, ನನ್ನ ಚಿತ್ರದ ಯಂತ್ರದ ಪ್ರತಿ, ಬೇರೆಯವರಿಂದ ತಂದು ಮಾರುವುದು, ಈ ಮೂರರಲ್ಲಿ ಯಾವುದು ಎಂದು ಬರೆದ ಚೀಟಿ ಪ್ರತಿ ರಾಶಿಯ ಮುಂದೆ ಇರಲಿ. ಅಂಕಿ ಹಾಕಿದ್ದರೆ ಒಟ್ಟು ಎಷ್ಟು ಪ್ರತಿ, ಹಲಗೆ ಇನ್ನೂ ಇದೆಯಾ ಅಂತಲೂ ಇರಲಿ. ಎಲ್ಲ ಪ್ರತಿ ತೆಗೆದ ಮೇಲೆ ಹಲಗೆಗೆ ಅಡ್ಡಗೆರೆ ಎಳೆದು ಕೆಡಿಸುವ ರೂಢಿ ನಮ್ಮಲ್ಲಿದೆ. ಕುಂಬಾರಿಕೆ, ಆಭರಣ, ಹೊಲಿಗೆಯ ಮೇಜುಗಳಿಗೂ ಇದೇ ಚೀಟಿ ನಡೆಯುತ್ತದೆ, ಅಚ್ಚಿನಲ್ಲಿ ಸುರಿದ ಮಡಕೆಗೂ ತಿಗರಿಯಲ್ಲಿ ಎದ್ದ ಮಡಕೆಗೂ ಇರುವ ವ್ಯತ್ಯಾಸ ಅವರವರಿಗೆ ಗೊತ್ತೇ ಇದೆ.

ಚೀಟಿ ಹಾಕಿದರೆ ವ್ಯಾಪಾರ ಬಿದ್ದುಹೋಗುತ್ತದೆ ಅನ್ನುವವರಿದ್ದಾರೆ. ಆಮೇಲಿನ ಒಂದು ಸಂತೆಯಲ್ಲಿ ನನ್ನ ಕಾರ್ಡುಗಳ ಮುಂದೆ ‘ಪ್ರೆಸ್ಸಿನಲ್ಲಿ ಮುದ್ರಿಸಿದ್ದು’ ಅಂತ ಬರೆದಿಟ್ಟೆ. ಕಾರ್ಡುಗಳು ಎಂದಿನಷ್ಟೇ ಹೋದವು. ಬದಲಾದದ್ದು ಇಷ್ಟೇ: ಕಾರ್ಡು ಹಿಡಿದುಕೊಂಡ ಇಬ್ಬರು ‘ಹಾಗಾದ್ರೆ ಕೈಯಲ್ಲಿ ಮಾಡಿದ್ದು ಯಾವುದು?’ ಎಂದು ಕೇಳಿದರು. ಒಬ್ಬರು ಒಂದು ಅಚ್ಚು ಕೊಂಡರು. ಇನ್ನೊಬ್ಬರು ಚಮಚವನ್ನು ಕೊಡ್ತೀರಾ ಅಂತ ಕೇಳಿದರು. ಕೊಡಲಿಲ್ಲ.

ಮುಂದಿನ ಸಂತೆಗೆ ನಿಮ್ಮ ವರದಿಗಾರರು ಬಂದರೆ ನನ್ನ ಮೇಜಿನ ಹತ್ತಿರವೂ ಬರಲಿ. ಭೂತಗನ್ನಡಿಯನ್ನು ದಾರಕ್ಕೆ ಕಟ್ಟಿ ಮೇಜಿಗೆ ತೂಗುಹಾಕಿರುತ್ತೇನೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು,
ಒಬ್ಬ ಅಚ್ಚುಗಾರ್ತಿ