ಗುರುವಿನ ಚಂದ್ರರನ್ನು ನೋಡುವವರ ಗಮನಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ. ಗುರುಗ್ರಹವನ್ನು ನೋಡುವಾಗ ದುರ್ಬೀನನ್ನು ಬರಿಗೈಯಲ್ಲಿ ಹಿಡಿಯದೆ ತಾರಸಿಯ ಗೋಡೆಯ ಮೇಲೋ ಸ್ಟ್ಯಾಂಡಿನ ಮೇಲೋ ಊರಿಟ್ಟು ನೋಡಬೇಕೆಂದು ಕೋರುತ್ತೇನೆ. ಕೈ ನಡುಗಿದರೆ, ಗ್ರಹದ ಅಕ್ಕಪಕ್ಕ ಒಂದೇ ಗೆರೆಯಲ್ಲಿ ಪೋಣಿಸಿದಂತಿರುವ ಚುಕ್ಕೆಗಳು ಅದರ ಬೆಳಕಿನಲ್ಲೇ ಕರಗಿಹೋಗುತ್ತವೆ. 1610ರ ಜನವರಿಯಲ್ಲಿ ಗೆಲಿಲಿಯೋ ಕಂಡ ಅಯೋ, ಯೂರೋಪಾ, ಗ್ಯಾನಿಮೀಡ್ ಮತ್ತು ಕ್ಯಾಲಿಸ್ಟೋ ಇವೇ. ಇವುಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಬೆಳಗುವ ಗ್ಯಾನಿಮೀಡ್ ಬುಧಗ್ರಹಕ್ಕಿಂತಲೂ ದೊಡ್ಡದು. ನಾಲ್ಕೂ ಕಾಣದಿದ್ದರೆ ನಿರಾಶರಾಗಬೇಡಿ, ಯಾವುದಾದರೊಂದು ಗುರುವಿನ ಹಿಂದೆ ಮರೆಯಾಗಿರಬಹುದು ಅಥವಾ ಅದರ ಮುಂದೆ ಹಾಯುತ್ತಿರಬಹುದು. ಅಯೋ ಸುಮಾರು 42 ಗಂಟೆಗಳಲ್ಲೇ ಒಂದು ಸುತ್ತು ಮುಗಿಸುವುದರಿಂದ ಒಂದೇ ರಾತ್ರಿಯಲ್ಲಿ ಅದರ ಜಾಗ ಬದಲಾಗುವುದನ್ನು ಗುರುತಿಸಬಹುದು. ಆದ್ದರಿಂದ ಕಂಡ ಚುಕ್ಕೆಗಳನ್ನು ಕಾಗದದಲ್ಲಿ ಗುರುತಿಸಿ, ಪಕ್ಕದಲ್ಲಿ ಸಮಯವನ್ನು ತಪ್ಪದೆ ಬರೆದು, ಗುಂಪಿಗೆ ಕಳುಹಿಸಬೇಕಾಗಿ ವಿನಂತಿ.