ಪಿಕ್ಸಾರ್ ಸ್ಟುಡಿಯೋದ ಅನಿಮೇಷನ್ ಸಿನಿಮಾಗಳಿಗೆ ಜನ ಯಾಕೆ ಬರುತ್ತಿಲ್ಲ? ಗೆಳೆಯನಿಗೊಂದು ಪತ್ರ

ಪ್ರೀತಿಯ ರಘು,

"ಪಿಕ್ಸಾರ್‌ನವರಿಗೆ ಕಥೆ ಹೇಳೋದೇ ಮರೆತು ಹೋಯ್ತಾ?" ಅಂತ ಮೊನ್ನೆ ಕೇಳಿದೆಯಲ್ಲ, ಅದು ಫೋನಿನಲ್ಲಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಉತ್ತರ, ಇಲ್ಲ ಕಣೋ. ಕಥೆ ಹೇಳುವುದು ಅವರಿಗೆ ಇವತ್ತಿಗೂ ಬರುತ್ತದೆ. ಆದರೆ ಸೋಲಿನ ಭಯದಲ್ಲಿ ತಮ್ಮ ಕೈಯಲ್ಲಿದ್ದ ಒಳ್ಳೆಯದನ್ನೇ ತಪ್ಪು ಅಂದುಕೊಂಡಿದ್ದಾರೆ. ನನಗೆ ಬೇಜಾರಾಗಿರುವುದು ಅದಕ್ಕೆ.

2025ರ ಜೂನ್‌ನಲ್ಲಿ 'ಎಲಿಯೊ' ಬಂತು. ಅಮೆರಿಕದಲ್ಲಿ ಮೊದಲ ಮೂರು ದಿನಕ್ಕೆ ಸುಮಾರು 2.1 ಕೋಟಿ ಡಾಲರ್. 1995ರ 'ಟಾಯ್ ಸ್ಟೋರಿ'ಯಿಂದ ಹಿಡಿದು ಈವರೆಗೆ ಪಿಕ್ಸಾರ್‌ನ ಯಾವ ಸಿನಿಮಾಕ್ಕೂ ಇಷ್ಟು ಕಡಿಮೆ ಓಪನಿಂಗ್ ಇರಲಿಲ್ಲ. ಸರಿಯಾಗಿ ಒಂದು ವರ್ಷದ ಹಿಂದೆ ಅದೇ ಸ್ಟುಡಿಯೋದ 'ಇನ್‌ಸೈಡ್ ಔಟ್ 2' ಜಗತ್ತಿನಾದ್ಯಂತ ಸುಮಾರು 169 ಕೋಟಿ ಡಾಲರ್ ಬಾಚಿತ್ತು. ಅಂದರೆ ಜನಕ್ಕೆ ಪಿಕ್ಸಾರ್ ಮೇಲೆ ಸಿಟ್ಟೇನೂ ಇಲ್ಲ. ಗೊತ್ತಿರುವ ಪಾತ್ರಗಳಿದ್ದರೆ ಬರುತ್ತಾರೆ, ಹೊಸಬರಾದರೆ ಮನೆಯಲ್ಲೇ ಕೂರುತ್ತಾರೆ.

ಹಾಗೆ ಕೂರುವುದನ್ನು ಕಲಿಸಿದ್ದು ಯಾರು? 2020ರ ಮಾರ್ಚ್‌ನಲ್ಲಿ 'ಆನ್‌ವರ್ಡ್' ಬಿಡುಗಡೆಯಾಯಿತು, ಅದೇ ತಿಂಗಳು ಥಿಯೇಟರ್‌ಗಳು ಮುಚ್ಚಿದವು. ಆಮೇಲೆ 'ಸೋಲ್', 'ಲುಕಾ', 'ಟರ್ನಿಂಗ್ ರೆಡ್' ಮೂರನ್ನೂ ಪಿಕ್ಸಾರ್‌ನ ಒಡೆಯ ಡಿಸ್ನಿ ತನ್ನ ದೇಶದಲ್ಲಿ ನೇರವಾಗಿ ಡಿಸ್ನಿ ಪ್ಲಸ್ ಅನ್ನುವ ತನ್ನ ಒಟಿಟಿಗೆ ಹಾಕಿತು. ಮೊದಲನೆಯದು ಅನಿವಾರ್ಯ, ಒಪ್ಪೋಣ. ಆದರೆ 'ಟರ್ನಿಂಗ್ ರೆಡ್' ಬಂದಿದ್ದು 2022ರ ಮಾರ್ಚ್‌ನಲ್ಲಿ. ಅಷ್ಟು ಹೊತ್ತಿಗೆ ಸ್ಪೈಡರ್‌ಮ್ಯಾನ್ ಸಿನಿಮಾಕ್ಕೆ ಅದೇ ದೇಶದ ಥಿಯೇಟರ್‌ಗಳು ತುಂಬಿ ತುಳುಕಿ ಆಗಿತ್ತು. ದಿನಾ ಮನೆ ಬಾಗಿಲಿಗೆ ಹಾಲು ತಂದು ಹಾಕಿ, ನಾಳೆಯಿಂದ ಡೈರಿಗೆ ಬನ್ನಿ ಅಂದರೆ ಯಾರು ಹೋಗುತ್ತಾರೆ ಹೇಳು? ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಅಂತ ನಾಲ್ಕು ಜನರ ಲೆಕ್ಕ ಹಾಕುವ ಅಪ್ಪ ಅಮ್ಮ, "ಇನ್ನೆರಡು ತಿಂಗಳು ತಡಿ, ಟಿವೀಲೇ ಬರುತ್ತೆ" ಅಂದರೆ ಅವರದೇನೂ ತಪ್ಪಿಲ್ಲ. 'ಲೈಟ್‌ಇಯರ್' ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಕ್ಕಳಿಗೆ ಇಷ್ಟವಾಗಿದ್ದು 'ಟಾಯ್ ಸ್ಟೋರಿ'ಯ ಬಜ್ ಅನ್ನುವ ಆಟಿಕೆ. ಆಟಿಕೆಯೇ ಅಲ್ಲದ ಬಜ್‌ನನ್ನು ತಂದು ನಿಲ್ಲಿಸಿದರು.

ನನಗೆ ನಿಜವಾಗಿ ಮಾತಾಡಬೇಕಿರುವುದು 'ಎಲಿಮೆಂಟಲ್' ಬಗ್ಗೆ. 2023ರ ಜೂನ್. ಮೊದಲ ವಾರಾಂತ್ಯಕ್ಕೆ ಮೂರು ಕೋಟಿ ಡಾಲರ್ ಕೂಡ ಆಗಲಿಲ್ಲ. ಪಿಕ್ಸಾರ್ ಕಥೆ ಮುಗಿಯಿತು ಅಂತ ಎಲ್ಲರೂ ಬರೆದರು. ಆದರೆ ನೋಡಿದವರು ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ. ಕೊನೆಗೆ ಗಳಿಕೆ 49 ಕೋಟಿ ಡಾಲರ್ ದಾಟಿತು. ದಕ್ಷಿಣ ಕೊರಿಯಾ ಒಂದರಲ್ಲೇ 70 ಲಕ್ಷಕ್ಕೂ ಹೆಚ್ಚು ಟಿಕೆಟ್. ನಿರ್ದೇಶಕ ಪೀಟರ್ ಸೋನ್ ಅವರ ಅಪ್ಪ ಅಮ್ಮ ಕೊರಿಯಾದಿಂದ ನ್ಯೂಯಾರ್ಕ್‌ಗೆ ಹೋಗಿ ದಿನಸಿ ಅಂಗಡಿ ನಡೆಸಿದವರು. ಸಿನಿಮಾದಲ್ಲೂ ಒಂದು ಅಂಗಡಿ, ಒಬ್ಬ ಅಪ್ಪ, ಅಂಗಡಿ ತನ್ನ ಹೆಗಲಿಗೆ ಬೀಳುತ್ತದೆ ಅಂತ ಒಳಗೊಳಗೇ ಕುದಿಯುವ ಮಗಳು ಎಂಬರ್.

ಅದರಲ್ಲಿ ಒಂದು ನಮಸ್ಕಾರ ಇದೆ ರಘು. ಅಪ್ಪ ಬರ್ನಿ ಊರು ಬಿಟ್ಟು ಹೊರಟಾಗ ತನ್ನ ಅಪ್ಪನಿಗೆ ನೆಲಕ್ಕೆ ಬಗ್ಗಿ ದೊಡ್ಡ ನಮಸ್ಕಾರ ಮಾಡುತ್ತಾನೆ. ಅವರಲ್ಲಿ ಅದಕ್ಕಿಂತ ದೊಡ್ಡ ಗೌರವ ಇಲ್ಲ. ಮುದುಕ ತಿರುಗಿ ನಮಸ್ಕರಿಸುವುದಿಲ್ಲ. ಆ ನೋವನ್ನು ಬರ್ನಿ ಜೀವನಪೂರ್ತಿ ಹೊತ್ತುಕೊಂಡಿರುತ್ತಾನೆ. ಕೊನೆಯಲ್ಲಿ ಮಗಳು ತನ್ನ ದಾರಿ ಹಿಡಿದು ಹೊರಟಾಗ ಹಡಗಿನ ಹತ್ತಿರ ನಿಂತು, ತಿರುಗಿ, ಅಪ್ಪನಿಗೆ ಅದೇ ನಮಸ್ಕಾರ ಮಾಡುತ್ತಾಳೆ. ಬರ್ನಿ ಮಂಡಿಯೂರಿ, ಮಗಳಿಗೆ ತಾನೂ ತಲೆಬಾಗುತ್ತಾನೆ. ಒಂದು ಮಾತಿಲ್ಲ. ಊರು ಬಿಟ್ಟು ದುಡಿಯಲು ಹೊರಟ ಯಾವ ಮಗನಿಗೆ, ಮಗಳಿಗೆ ಇದು ಅರ್ಥವಾಗುವುದಿಲ್ಲ? ಕೊರಿಯಾದ ಒಂದು ಮನೆಯ ನೆನಪು ಹಾಸನದವನಾದ ನನ್ನನ್ನು ಅಳಿಸಿತು.

ಇಂಥದ್ದನ್ನು ಮಾಡಿದವರು 2024ರಲ್ಲಿ ಹೇಳಿದ್ದೇನು ಗೊತ್ತಾ? ಇನ್ನು ಮುಂದೆ ನಿರ್ದೇಶಕರ ಸ್ವಂತ ಬದುಕಿನ ಕಥೆಗಳು ಕಡಿಮೆ, ಎಲ್ಲರಿಗೂ ತಟ್ಟುವ ಕಥೆಗಳು ಜಾಸ್ತಿ ಅಂತ. ಎರಡೂ ಬೇರೆ ಬೇರೆ ಅಂತ ಯಾರು ಹೇಳಿದರು ಇವರಿಗೆ? ನಿರ್ದೇಶಕ ಆಂಡ್ರ್ಯೂ ಸ್ಟಾಂಟನ್ ಮಗನನ್ನು ಪಾರ್ಕಿಗೆ ಕರೆದುಕೊಂಡು ಹೋಗಿ, ಪೂರ್ತಿ ಹೊತ್ತು "ಮುಟ್ಟಬೇಡ, ಬೀಳ್ತೀಯಾ" ಅನ್ನುವುದರಲ್ಲೇ ಕಳೆದರಂತೆ. 'ಫೈಂಡಿಂಗ್ ನೀಮೊ'ದ ಅಪ್ಪ ಹುಟ್ಟಿದ್ದು ಅಲ್ಲಿ. ಪೀಟ್ ಡಾಕ್ಟರ್ ಅವರ ಮಗಳು ದೊಡ್ಡವಳಾಗುತ್ತಾ ಮಾತು ಕಡಿಮೆ ಮಾಡಿದಳು. ಇವಳ ತಲೆಯೊಳಗೆ ಏನು ನಡೆಯುತ್ತಿದೆ ಅಂತ ಯೋಚಿಸಿದ್ದೇ 'ಇನ್‌ಸೈಡ್ ಔಟ್' ಆಯಿತು. ಆ ಪೀಟ್ ಡಾಕ್ಟರ್ ಅವರೇ ಈಗ ಸ್ಟುಡಿಯೋದ ಸೃಜನಾತ್ಮಕ ಮುಖ್ಯಸ್ಥರು. ಇದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

'ಎಲಿಯೊ' ಕೂಡ ಹಾಗೇ ಶುರುವಾಗಿತ್ತು. ನಿರ್ದೇಶಕ ಏಡ್ರಿಯನ್ ಮೊಲಿನಾ ಸೇನಾ ನೆಲೆಯಲ್ಲಿ ಬೆಳೆದ ತಮ್ಮ ಬಾಲ್ಯದಿಂದ ಕಟ್ಟಲು ಹೊರಟ ಕಥೆ. 2024ರ ಮಾರ್ಚ್‌ಗೆ ಬರಬೇಕಿದ್ದ ಸಿನಿಮಾ ಒಂದು ವರ್ಷಕ್ಕಿಂತ ಹೆಚ್ಚು ಮುಂದಕ್ಕೆ ಹೋಯಿತು, ಮೊಲಿನಾ ಹೊರಬಂದರು, ಬೇರೆ ಇಬ್ಬರು ಮುಗಿಸಿದರು. ನಿರ್ದೇಶಕರನ್ನು ಬದಲಿಸುವುದು ಅಲ್ಲಿ ಹೊಸದಲ್ಲ ಬಿಡು, 'ರಾಟಟೂಯಿ' ಕೂಡ ಹಾಗೇ ಬ್ರಾಡ್ ಬರ್ಡ್ ಕೈಗೆ ಬಂದಿದ್ದು. ಆದರೆ ಆಗ ಹೊಸಬರು ಬಂದು ಕಥೆಯ ಮೊನೆ ಚೂಪು ಮಾಡಿದರು. 'ಎಲಿಯೊ' ನೋಡಿದಾಗ ಯಾರೋ ಮೊನೆ ಉಜ್ಜಿ ನುಣ್ಣಗೆ ಮಾಡಿದ ಹಾಗೆ ನನಗೆ ಅನಿಸಿತು. ಅಪ್ಪ ಅಮ್ಮ ಇಲ್ಲದ ಹುಡುಗ ಮರಳಿನ ಮೇಲೆ ಮಲಗಿ, ಯಾರಾದರೂ ಬಂದು ನನ್ನನ್ನು ಎತ್ತಿಕೊಂಡು ಹೋಗಲಿ ಅಂತ ಆಕಾಶ ನೋಡುತ್ತಾನೆ. ಎಂಥ ಒಂಟಿತನ! ಅಲ್ಲಿ ಇನ್ನೊಂಚೂರು ಹೊತ್ತು ಕೂರಿಸಬೇಕಿತ್ತು ನಮ್ಮನ್ನು. ಬಣ್ಣದ ಗ್ರಹಗಳ ಕಡೆ ಓಡಿಬಿಟ್ಟರು.

ದುಡ್ಡಿನ ಲೆಕ್ಕವೂ ಇದರ ಹಿಂದೆ ಇದೆ. ಒಂದು ಸಿನಿಮಾಕ್ಕೆ 20 ಕೋಟಿ ಡಾಲರ್ ಸುರಿದರೆ ಅದು ಯಾರಿಗೂ ಬೇಡ ಅನಿಸಬಾರದು. ಅಲ್ಲಿಂದ ಭಯ ಶುರು. ಲಾಟ್ವಿಯಾದ 'ಫ್ಲೋ' ಸುಮಾರು 35 ಲಕ್ಷ ಯೂರೋದಲ್ಲಿ, ನೀನು ದಿನಾ ಬಳಸುವ ಅದೇ ಬ್ಲೆಂಡರ್ ಅನ್ನುವ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ತಯಾರಾಗಿ 2025ರಲ್ಲಿ ಆಸ್ಕರ್ ಗೆದ್ದಿತು. ಒಂದು ಬೆಕ್ಕು, ನೀರು, ಮಾತೇ ಇಲ್ಲ. 'ಎಲಿಯೊ' ಬಂದ ಮರುತಿಂಗಳೇ ನಮ್ಮ ಹೊಂಬಾಳೆಯವರು ಅರ್ಪಿಸಿದ, ಅಶ್ವಿನ್ ಕುಮಾರ್ ಅವರ 'ಮಹಾವತಾರ್ ನರಸಿಂಹ' ಬಂತು. ಅದರ ಅನಿಮೇಷನ್ ಪಿಕ್ಸಾರ್ ಪಕ್ಕದಲ್ಲಿ ನಿಲ್ಲುವುದಿಲ್ಲ, ನೀನೇ ನೂರು ಕುಂದು ತೋರಿಸುತ್ತೀಯಾ. ಆದರೂ ಅಜ್ಜಿಯರು ಮೊಮ್ಮಕ್ಕಳ ಕೈ ಹಿಡಿದುಕೊಂಡು ಥಿಯೇಟರಿಗೆ ಬಂದರು, ಗಳಿಕೆ 200 ಕೋಟಿ ರೂಪಾಯಿ ದಾಟಿತು. ಮಾಡಿದವರಿಗೆ ಆ ಕಥೆಯ ಮೇಲೆ ಎಷ್ಟು ನಂಬಿಕೆ ಇತ್ತು ಅನ್ನುವುದು ಪರದೆಯ ಮೇಲೇ ಕಾಣುತ್ತಿತ್ತು ಅಲ್ವಾ?

ಇನ್ನು 'ಟಾಯ್ ಸ್ಟೋರಿ 5', 'ಕೋಕೋ 2', 'ಇನ್‌ಕ್ರೆಡಿಬಲ್ಸ್ 3' ಅಂತ ಸಾಲು ಹಿಡಿದಿದೆ. ಬೇಡ ಅನ್ನುವುದಿಲ್ಲ. 2024ರ ಮೇ ತಿಂಗಳಲ್ಲಿ ಅಲ್ಲಿ ಸುಮಾರು 175 ಜನ ಕೆಲಸ ಕಳೆದುಕೊಂಡರು, ಸಂಬಳ ಆಗುವುದೂ ಮುಖ್ಯವೇ. ಆದರೆ ಆ ದುಡ್ಡಿನಲ್ಲಿ ಒಂದು ಪಾಲು ತೆಗೆದಿಟ್ಟು, ಯಾರೋ ಹೊಸ ನಿರ್ದೇಶಕಿಗೆ "ನಿಮ್ಮ ಮನೆಯ ಕಥೆ ಹೇಳಮ್ಮ, ಕೊನೆವರೆಗೂ ನೀನೇ ಮಾಡು" ಅನ್ನಲಿ. ಸಣ್ಣ ಬಜೆಟ್ಟಿನಲ್ಲೇ ಆಗಲಿ.

ನೀನು 'ಎಲಿಮೆಂಟಲ್' ಇನ್ನೂ ನೋಡಿಲ್ಲ ಅಂದೆ. ಈ ಭಾನುವಾರ ಅಪ್ಪಾಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡು. ಅವರು ಏನಂದರು ಅಂತ ತಪ್ಪದೆ ಬರಿ.

ಇಂತಿ ನಿನ್ನ
ಮಂಜು